ಸಮುದ್ರದ ಮೇಲಿನ ನಾಲ್ಕು ಗಂಟೆ

ಕ್ವಾಲಾಲಂಪುರದಿಂದ ಬೆಂಗಳೂರಿಗೆ ಹತ್ತಿರಹತ್ತಿರ ಎರಡು ಸಾವಿರದ ಒಂಬೈನೂರು ಕಿಲೋಮೀಟರು, ವಿಮಾನದಲ್ಲಿ ನಾಲ್ಕು ಗಂಟೆ. ಶಿರಾದಿಂದ ಮಧುಗಿರಿಗೆ ನಲವತ್ತು ಕಿಲೋಮೀಟರು, ಖಾಸಗಿ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಶಿರಾದ ಒಂದು ಕಡಲೆಕಾಯಿ ಮಿಲ್ಲಿನ ಹಿಂದೆ, ಖಾಲಿ ಚೀಲಗಳ ಅಟ್ಟಿಗೆ ಬೆನ್ನು ಕೊಟ್ಟು ಫೋನು ಹಿಡಿದು ನಿಂತಿದ್ದ ಪಾಲಾಕ್ಷನಿಗೆ ಎರಡು ಲೆಕ್ಕಗಳೂ ಒಟ್ಟಿಗೆ ತಲೆಗೆ ಬಂದವು. ಮೊದಲನೆಯದನ್ನು ಅಕ್ಕನ ಮಗ, ಹೆಂಡತಿಯ ತಮ್ಮನೂ ಆದ ಮೋಹನ್ ಕುಮಾರ್ ಫೋನಿನಲ್ಲಿ ಹೇಳುತ್ತಿದ್ದ. ಬೆಳಗಿನ ಜಾವ ಹಟ್ಟಿಯ ಮುಂದೆ ನೀರು ಹಾಕುವಾಗ ಪಾಲಾಕ್ಷನ ಅವ್ವ ಕದರಮ್ಮ ಬಿದ್ದಳಂತೆ, ಬಲಗಡೆ ಕೈಕಾಲು ಬಿದ್ದುಹೋಗಿದೆಯಂತೆ, ಮಾತು ತೊದಲುತ್ತದಂತೆ. ಮಧುಗಿರಿ ಆಸ್ಪತ್ರೆಗೆ ತಂದಿದ್ದಾರೆ. ತುಮಕೂರಿಗೆ ಒಯ್ಯುವಷ್ಟು ಜೀವ ಇಲ್ಲ, ಬರಬೇಕಾದವರಿಗೆ ಹೇಳಿಕಳಿಸಿ ಎಂದರಂತೆ ಡಾಕ್ಟರು. ಮೋಹನ ಆಗಲೇ ಮೊಬೈಲಿನಲ್ಲಿ ಹುಡುಕಿಬಿಟ್ಟಿದ್ದ. “ಅಲ್ಲಿ ಟೈಮು ಮೂರ್ ಗಂಟೆಗೊಂದು ಫ್ಲೈಟ್ ಐತೆ ಮಾವ. ನಮ್ಗೆ ಹನ್ನೆರಡೂವರೆ. ಅದ್ನ ಹಿಡುದ್ಬುಟ್ರೆ ನಾಲ್ಕೂವರೆಗೆ ಬೆಂಗ್ಳೂರು, ರಾತ್ರಿ ಎಂಟಕ್ಕೆಲ್ಲ ಊರು. ಅಜ್ಜಿ ನಿನ್ನೇ ಕೇಳ್ತಾವ್ಳೆ.” ಪಾಲಾಕ್ಷ ಹ್ಞೂಂ ಅಂದ. ಹಿಡೀತೀನಿ ಅಂದ. ಕಾರು ಕಳಿಸಬೇಡ, ನಾನೇ ಟ್ಯಾಕ್ಸಿ ಮಾಡಿಕೊಂಡು ಬರ್ತೀನಿ ಅಂತ ಅದನ್ನೂ ಸೇರಿಸಿದ. ಹಾಗೆ ಸೇರಿಸುವಷ್ಟು ತನ್ನ ಬುದ್ಧಿ ಆ ಗಳಿಗೆಯಲ್ಲೂ ಚುರುಕಾಗಿದ್ದದ್ದು ಅವನಿಗೇ ಹೇಸಿಗೆಯಾಯಿತು.

ಫೋನು ಜೇಬಿಗಿಟ್ಟ ಮೇಲೂ ಅವನು ಅಲ್ಲೇ ನಿಂತಿದ್ದ. ಒಳಗೆ ಯಂತ್ರ ಕಾಯಿಯ ಸಿಪ್ಪೆ ಬಿಡಿಸುತ್ತಾ ಗಡಗಡ ಎನ್ನುತ್ತಿತ್ತು. ಎಂಟು ತಿಂಗಳಿಂದ ಈ ಸದ್ದನ್ನೇ ಅವನು ಮನೆಯವರಿಗೆ ಮಲೇಶಿಯಾದ ರಬ್ಬರ್ ಗ್ಲೌಸಿನ ಕಾರ್ಖಾನೆಯ ಸದ್ದು ಅಂತ ಕೇಳಿಸಿದ್ದ. ಕಾರ್ಖಾನೆಯಲ್ಲಿ ಕ್ಯಾಮೆರಾ ಹಚ್ಚಿದರೆ ಕೆಲಸದಿಂದ ತೆಗೀತಾರೆ ಅಂದಿದ್ದ. ಮುಖ ನೋಡದೆ ಎಂಟು ತಿಂಗಳಾಯ್ತಲ್ಲೋ ಅಂತ ಅವ್ವ ಒಂದೇ ಸಲ ಅಂದಿದ್ದಳು. ಜಾಮಿಯಾ ಮಸೀದಿಯ ಹಿಂದಿನ ಬೀದಿಯ ಅವನ ಕೋಣೆಗೆ ಆಜಾನ್ ಕೇಳುತ್ತಿತ್ತು, ಅದು ಫೋನಿನಲ್ಲಿ ಅವಳಿಗೂ ಕೇಳಿ, ಅಲ್ಲೂ ಕೂಗ್ತಾರಾ ಪಾಲ ಎಂದು ಬೆರಗಾಗಿದ್ದಳು. ಅಲ್ಲಿ ಅವರೇ ಜಾಸ್ತಿ ಅವ್ವ ಎಂದಿದ್ದ. ಅದೊಂದು ಮಾತು ಸುಳ್ಳಾಗಿರಲಿಲ್ಲ. ಮಾತಾಡುವ ಮುಂಚೆ ಗಡಿಯಾರಕ್ಕೆ ಎರಡೂವರೆ ಗಂಟೆ ಕೂಡಿಸಿಕೊಳ್ಳುತ್ತಿದ್ದ. ಇಲ್ಲಿ ಬಿಸಿಲಿರುವಾಗಲೇ ಅಲ್ಲಿ ಕತ್ತಲೆಯಾಯಿತು ಅನ್ನುತ್ತಿದ್ದ. ಹಾಗೆ ಅಂದ ಮೇಲೆ ನಿಜಕ್ಕೂ ನಿದ್ದೆ ತೂಗಿದಂತಾಗಿ ಆಕಳಿಸುತ್ತಿದ್ದ. ಇದೆಲ್ಲ ಅವನು ಬೇಕೆಂದು ಶುರುಮಾಡಿದ್ದಲ್ಲ. ಊರಿನವರು ಹಾರ ಹಾಕಿ, ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು ಕಳಿಸಿದ್ದರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಅವನ ಕಾಗದ ತಿರುವಿ ಹಾಕಿ, ಇದು ವೀಸಾನೇ ಅಲ್ಲ, ಯಾರು ಕೊಟ್ಟರು ಅಂತ ಕೇಳಿದಳು. ಹಿಂದೆ ನಿಂತಿದ್ದವರು ತಮ್ಮ ಪೆಟ್ಟಿಗೆಗಳನ್ನು ಅವನ ಪಕ್ಕದಿಂದ ಮುಂದಕ್ಕೆ ತಳ್ಳಿಕೊಂಡು ಹೋದರು. ಕಾಗದ ಮಾಡಿಕೊಟ್ಟ ಏಜೆಂಟಿನ ಫೋನು ಸತ್ತಿತ್ತು. ವಾಪಸ್ ಬರುವ ಬಸ್ಸು ತುಮಕೂರಿನಲ್ಲಿ ನಿಂತಾಗ ಅವನು ಇಳಿದು ಮಧುಗಿರಿ ಬಸ್ಸು ಹಿಡಿಯಬೇಕಿತ್ತು. ಏಳಲಿಲ್ಲ. ಬಸ್ಸಿನ ದಾರಿ ಮುಗಿಯುವ ತನಕ ಕೂತಿದ್ದ, ಮುಗಿದಾಗ ಶಿರಾ ಬಂದಿತ್ತು. ಎರಡು ದಿನ ಬಿಟ್ಟು ಹೋಗಿ ಹೇಳಿದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಹೆಂಡತಿ ವನಜಾ ವಾಟ್ಸಾಪಿನಲ್ಲಿ ಫೋನು ಮಾಡಿ, ಸೇರಿದ್ಯಾ ಮಾವ, ಊಟ ಹೆಂಗೈತೆ ಎಂದಳು. ವನಜಾ ಅವನ ಅಕ್ಕನ ಮಗಳೇ, ಮದುವೆಗೆ ಮುಂಚಿನ ಹಾಗೆ ಈಗಲೂ ಮಾವ ಎಂದೇ ಕರೆಯುತ್ತಾಳೆ. ಅನ್ನ ಸಪ್ಪೆ ಕಣೆ ಎಂದುಬಿಟ್ಟ.

ಮಿಲ್ಲಿನವರಿಗೆ ಅವ್ವನಿಗೆ ಹುಷಾರಿಲ್ಲ ಎಂದಾಗ, ಜಲ್ದಿ ಹೋಗಪ್ಪ, ನಿಲ್ಲಬೇಡ ಅಂದರು ಧಣಿ. ಎಂಟು ತಿಂಗಳಲ್ಲಿ ಅವನ ಬಾಯಿಂದ ಹೊರಟ ಒಂದು ನಿಜಕ್ಕೆ ಸಿಕ್ಕ ಜವಾಬು ಅಷ್ಟು ಸಲೀಸಾಗಿತ್ತು. ಕೋಣೆಗೆ ಹೋಗಿ ಸ್ನಾನ ಮಾಡಿದ. ಕಿವಿಯೊಳಗಿನ, ಉಗುರಿನೊಳಗಿನ ಕಾಯಿಧೂಳು ತೊಳೆದ. ಊರಿನಿಂದ ಹೊರಟಾಗ ಹಾಕಿದ್ದ ಷರ್ಟನ್ನೇ ಹಾಕಿಕೊಂಡು, ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಾಗ ಹತ್ತೂವರೆ. ಮಧುಗಿರಿಗೆ ಈಗಲೇ ಹೋಗಿ ಏನು ಮಾಡುವುದು ಎಂಬುದು ಗೊತ್ತಿರಲಿಲ್ಲ. ಹೋಗದೆ ಇರುವುದು ಮಾತ್ರ ಆಗುತ್ತಿರಲಿಲ್ಲ. ಬಡವನಹಳ್ಳಿ ದಾಟುವಾಗ, ನೇರ ಆಸ್ಪತ್ರೆಗೇ ಹೋಗಿಬಿಡುತ್ತೇನೆ, ಏನಾದರೂ ಆಗಲಿ ಎಂದು ತೀರ್ಮಾನಿಸಿದ. ದೂರದಲ್ಲಿ ಮಧುಗಿರಿಯ ಏಕಶಿಲೆಯ ಬೆಟ್ಟ ಬೋಳು ಬೆನ್ನು ತೋರಿಸಿದ ಕೂಡಲೆ ಆ ತೀರ್ಮಾನ ಕರಗಿಹೋಯಿತು. ಅವ್ವ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ನನ್ ಮಗ ಮಲೇಶಿಯಾದಾಗವ್ನೆ ಎಂದು ಕೇಳದವರಿಗೂ ಹೇಳುತ್ತಿದ್ದಳೆಂದು ವನಜಾ ನಗುತ್ತಾ ಹೇಳಿದ್ದಳು. ಇನ್ನು ಅರ್ಧ ದಿನದ ಜೀವ. ಅದರಲ್ಲಿ ಆ ಮಲೇಶಿಯಾವನ್ನು ಕಿತ್ತುಕೊಳ್ಳುವುದೇ? ಹೀಗೆ ಯೋಚಿಸುವಾಗ ತಾನು ಅವ್ವನ ನೆವ ಹೇಳಿಕೊಂಡು ತನ್ನ ಮುಖ ಉಳಿಸಿಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನೆವ ಕೆಲಸ ಮಾಡುತ್ತಲೇ ಇತ್ತು. ಬಸ್ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಲಗೇಜು ಕೋಣೆಗೆ ಕೊಟ್ಟು, ತಲೆಗೆ ಟವೆಲ್ಲು ಸುತ್ತಿ, ಮುಖಕ್ಕೆ ಮಾಸ್ಕು ಹಾಕಿಕೊಂಡ. ಹನ್ನೆರಡೂಕಾಲಿಗೆ ಮೋಹನನಿಗೆ, ಫ್ಲೈಟ್ ಹತ್ತಿದೆ, ಫೋನ್ ಆಫ್ ಮಾಡ್ತಾ ಇದೀನಿ ಎಂದು ಮೆಸೇಜು ಹಾಕಿ, ಫೋನು ಆರಿಸಿದ. ಪರದೆ ಕಪ್ಪಾಗಿ ಅದರಲ್ಲಿ ಮಾಸ್ಕಿನ ಮುಖ ಕಂಡಿತು. ಇನ್ನು ನಾಲ್ಕೂವರೆಯ ತನಕ ಅದನ್ನು ಹಚ್ಚುವಂತಿರಲಿಲ್ಲ. ಹಚ್ಚಿದರೆ ಅವರು ಕಳಿಸಿದ್ದು ತಲುಪಿತೆಂದು ಅವರಿಗೆ ಕಾಣುತ್ತದೆ. ವಿಮಾನದಲ್ಲಿರುವವನಿಗೆ ಯಾವುದೂ ತಲುಪಬಾರದು.

ಯಾರೂ ಯಾರನ್ನೂ ಯಾಕೆ ಕೂತಿದ್ದೀರಿ ಎಂದು ಕೇಳದ ಜಾಗ ಕೋರ್ಟಿನ ಆವರಣ. ಅಲ್ಲಿ ಹೋಗಿ ಹೊಂಗೆಮರದ ಕಟ್ಟೆಯ ಮೇಲೆ ಕೂತ. ಸುತ್ತ ಕಕ್ಷಿದಾರರು ಪ್ಲಾಸ್ಟಿಕ್ ಚೀಲಗಳಲ್ಲಿ ಪಹಣಿ, ಹಳೇ ಪತ್ರ ತುಂಬಿಕೊಂಡು ಕೂತಿದ್ದರು. ಕರೀಕೋಟಿನವರು ಯಾರನ್ನೂ ನೋಡದೆ ಓಡಾಡುತ್ತಿದ್ದರು. ಆಸ್ಪತ್ರೆ ಅಲ್ಲಿಂದ ಎರಡು ಬೀದಿಯಾಚೆ. ಈಗ ವಿಮಾನ ಓಡಲು ಶುರುಮಾಡಿರುತ್ತದೆ, ಈಗ ಏರಿರುತ್ತದೆ ಎಂದು ಲೆಕ್ಕ ಹಾಕಿದ. ವಿಮಾನದ ಒಳಗೆ ಕೂತವರಿಗೆ ಹೇಗನ್ನಿಸುತ್ತದೆಂದು ಅವನಿಗೆ ತಿಳಿಯದು, ಕಿವಿ ಮುಚ್ಚಿಕೊಳ್ಳುತ್ತದೆಂದು ಕೇಳಿದ್ದ. ಅವನ ಕಿವಿ ನಿಜಕ್ಕೂ ಮುಚ್ಚಿಕೊಂಡಿತು. ಚಿಕ್ಕಂದಿನಲ್ಲಿ ಅವ್ವ ಅವನನ್ನು ಇದೇ ಮಧುಗಿರಿಗೆ ಸೋರುತ್ತಿದ್ದ ಕಿವಿ ತೋರಿಸಲು ಕರೆದುಕೊಂಡು ಬಂದಿದ್ದಳು. ಕೊನೇ ಬಸ್ಸು ತಪ್ಪಿ ಹತ್ತು ಕಿಲೋಮೀಟರು ನಡೆದಿದ್ದರು, ಅರ್ಧ ದಾರಿ ಅವಳ ಸೊಂಟದ ಮೇಲೆಯೇ. ಎಲ್ಲಿಗಂಟ ಬಂದ್ವವ್ವಾ ಎಂದು ಅವನು ಕೇಳಿದಾಗಲೆಲ್ಲ, ಇಗ ಬಂದೇಬುಟ್ವಲ್ಲ ಎನ್ನುತ್ತಿದ್ದಳು. ಬೆವರಿನ, ಎಲೆಅಡಿಕೆಯ ವಾಸನೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಿ ಅವನನ್ನು ಆಗಿನಿಂದ ನೋಡುತ್ತಿದ್ದಳು. ಹೆಸರು ಚನ್ನಮಲ್ಲಮ್ಮ, ಪಾವಗಡದ ಕಡೆಯವಳು, ಹದಿನಾಲ್ಕು ವರ್ಷದಿಂದ ಒಂದೂವರೆ ಎಕರೆಗೆ ಅಲೆಯುತ್ತಿದ್ದಾಳೆ. ಇಷ್ಟನ್ನೂ ತೆಲುಗು ಬೆರೆತ ಕನ್ನಡದಲ್ಲಿ ಅವಳೇ ಹೇಳಿಕೊಂಡಳು. ಒಂದು ಮುಷ್ಟಿ ಹುರಿಗಡಲೆ ಅವನ ಅಂಗೈಗೆ ಸುರಿದು ಕೇಳಿದಳು.

“ಏಮಪ್ಪಾ, ನಿಂದೇನು ಕೇಸು?”

“ನಮ್ಮವ್ವಂದು.”

“ಭೂಮಿದಾ?”

ಅವನು ತಲೆಯಾಡಿಸಿದ. ಒಳಗಿನಿಂದ ಕೂಗುವವನು ಬಾಗಿಲಿಗೆ ಬಂದು ಯಾರದೋ ಹೆಸರನ್ನು ಮೂರು ಸಲ ಕೂಗಿದ. ಯಾರೂ ಏಳಲಿಲ್ಲ. ಕೂಗಿದವನು ಒಳಗೆ ಹೋದ. ಆಮೇಲೆ ಗೇಟಿನ ಕಡೆಯಿಂದ ಒಬ್ಬ ಲುಂಗಿ ಎತ್ತಿಹಿಡಿದು ಓಡಿಬಂದು ಬಾಗಿಲಲ್ಲಿ ಕೈಮುಗಿದು ನಿಂತ. ಚನ್ನಮಲ್ಲಮ್ಮ ನಾಲಿಗೆ ಲೊಚಗುಟ್ಟಿದಳು. “ಪೇರು ಕೂಗ್ದಾಗ ಇಲ್ಲಿರ್ಬೇಕಪ್ಪಾ. ಮೂರ್ಸಾರಿ ಕೂಗ್ತಾರೆ, ಅಂತೇ. ಆಮ್ಯಾಕೆ ಎಷ್ಟ್ ದೂರದಿಂದ ಬಂದ್ರೂ ಬಂದಂಗಲ್ಲ.”

ಪಾಲಾಕ್ಷ ಕಡಲೆಯನ್ನು ಹಾಗೇ ಮುಷ್ಟಿಯಲ್ಲಿ ಹಿಡಿದು ಎದ್ದ. ಕಚೇರಿಯ ಗಡಿಯಾರದಲ್ಲಿ ಎರಡೂ ನಲವತ್ತು. ಆಸ್ಪತ್ರೆಯ ಬೀದಿಗೆ ತಿರುಗುವ ತನಕ ಅವನು ಬಹಳ ಬಿರುಸಾಗಿ ನಡೆದ. ಬಾಗಿಲು, ಮೆಟ್ಟಿಲು, ಮಂಚ. ಅವ್ವಾ ಅಂತ ಕರೆಯುವುದು. ಅಷ್ಟೇ ತಾನೆ. ಗೇಟಿಗೆ ಮೂವತ್ತು ಮಾರು ಇದ್ದಾಗ ವನಜಾ ಹೊರಗೆ ಬಂದಳು. ಎಂಟು ತಿಂಗಳ ಮೇಲೆ ಅವಳನ್ನು ನೋಡುತ್ತಿದ್ದ. ಸೊರಗಿದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ಫ್ಲಾಸ್ಕು. ಅಂಗಡಿಗೆ ಹೋಗದೆ ಗೇಟಿನಲ್ಲೇ ನಿಂತು ಮೊದಲು ಕೊರಟಗೆರೆ ದಾರಿಯ ಕಡೆ ನೋಡಿದಳು, ಬೆಂಗಳೂರಿನಿಂದ ಬರುವವರು ಬರುವ ದಾರಿ ಅದು. ಗಂಡ ಇನ್ನೂ ಆಕಾಶದಲ್ಲಿದ್ದಾನೆಂದು ಗೊತ್ತಿದ್ದವಳು ಆ ರಸ್ತೆಯನ್ನು ಹಾಗೆ ನೋಡಿದ್ದು ಅವನ ಎದೆಗೆ ಬಡಿಯಿತು. ಅನಂತರ ಇತ್ತ ತಿರುಗಿದಳು. ಅವನ ಕಾಲು ಅವನನ್ನು ಕೇಳದೆ ನಿಂತಿದ್ದ ಆಟೋ ಒಂದರ ಹಿಂದಕ್ಕೆ ಸರಿಯಿತು. ಆಟೋದವನು, ಎಲ್ಲಿಗೆ ಅಣ್ಣಾ ಎಂದ. ಎಲ್ಲಿಗೂ ಇಲ್ಲ ಎಂದ. ಎಲ್ಲಿಗೂ ಇಲ್ಲಾಂದ್ರೆ ಗಾಡಿ ಮ್ಯಾಲೆ ಕೈ ಯಾಕಿಕ್ಕಿದ್ದೀಯ, ತೆಗಿ ಎಂದು ಆಟೋದವನು ಗದರಿದ. ತೆಗೆದ. ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಹಳ ಹೊತ್ತು ಕೂತಿದ್ದು, ತಲೆ ಎತ್ತಿದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಈಗ ಹೋಗಬಹುದಿತ್ತು. ಆದರೆ ಬಚ್ಚಿಟ್ಟುಕೊಂಡು ಆಗಿತ್ತು. ಒಂದು ನಿಮಿಷದ ಹಿಂದೆ ಒಪ್ಪಿಕೊಳ್ಳಲು ಇದ್ದದ್ದು ಒಂದೇ ಸುಳ್ಳು, ಈಗ ಎರಡು. ಅವನು ವಾಪಸ್ ಹೊಂಗೆಮರದ ಕಟ್ಟೆಗೆ ಬಂದ. ಮುದುಕಿ ಹೊರಟುಹೋಗಿದ್ದಳು. ಮುಷ್ಟಿ ಬಿಚ್ಚಿ ನೋಡಿದರೆ ಕಡಲೆ ಬೆವರಿಗೆ ಮೆತ್ತಗಾಗಿತ್ತು, ಒಂದೊಂದೇ ತಿಂದ. ತಿನ್ನುತ್ತಿದ್ದೇನಲ್ಲ ಎನ್ನಿಸಿತು, ಆದರೂ ತಿಂದ.

ನಾಲ್ಕೂ ಮೂವತ್ತೈದಕ್ಕೆ, ವಿಮಾನ ಇಳಿದ ಮೇಲೆ ಇನ್ನೈದು ನಿಮಿಷ ಬಿಟ್ಟು, ಫೋನು ಹಚ್ಚಿದ. ಒಂದರ ಮೇಲೊಂದು ಟಣಟಣ ಬಂದವು. ಮೋಹನನದು ಮೂರು: ಇಳಿದ ತಕ್ಷಣ ಫೋನ್ ಮಾಡು. ಮಾವ ಧೈರ್ಯವಾಗಿರು. ಅಜ್ಜಿ ಮೂರೂ ಹತ್ತಕ್ಕೆ ಹೋಗ್ಬುಟ್ಲು. ಅವಕ್ಕಿಂತ ಮುಂಚೆ, ಎರಡೂ ಐವತ್ತೆರಡಕ್ಕೆ, ವನಜಾ ಕಳಿಸಿದ ಧ್ವನಿ ಒಂದಿತ್ತು. ಅವನು ಅದನ್ನು ಕಿವಿಗೆ ಒತ್ತಿಕೊಂಡ. ಮೊದಲು ಫ್ಯಾನಿನ ಸದ್ದು, ಯಾರೋ ಸ್ಟೂಲು ಎಳೆದದ್ದು, ಆಮೇಲೆ ಅರ್ಧ ಬಾಯಿಯಿಂದ ಬರುವ, ಅವ್ವನದಲ್ಲದ ಅವ್ವನ ಧ್ವನಿ: “ಪಾಲ… ಎಲ್ಲಿಗಂಟ ಬಂದ?” ಅದಕ್ಕೆ ವನಜಾ ಮೆಲ್ಲಗೆ, ಸಣ್ಣ ಮಗುವಿಗೆ ಹೇಳಿದಂತೆ, “ಸಮುದ್ರದ ಮ್ಯಾಲವ್ನೆ ಕಣಜ್ಜಿ. ಬಂದ, ಬಂದ.” ಅಷ್ಟೇ. ಆಗ ಅವನು ಆಟೋದ ಹಿಂದಿನಿಂದ ಎದ್ದು ಕೋರ್ಟಿನ ಕಡೆಗೆ ವಾಪಸ್ ನಡೆಯುತ್ತಿದ್ದ. ಕಟ್ಟೆಯ ಮೇಲೆ ಅವನ ಬಾಯಿಂದ ಹೊರಟ ಸದ್ದಿಗೆ ಇಬ್ಬರು ಮೂವರು ತಿರುಗಿ ನೋಡಿದರು, ಕೇಸು ಸೋತವನಿರಬೇಕೆಂದು ಮತ್ತೆ ತಮ್ಮ ಪತ್ರಗಳ ಕಡೆ ತಿರುಗಿದರು. ಮೋಹನನಿಗೆ ಫೋನು ಮಾಡಿ ಅತ್ತ. ಆ ಅಳು ನಿಜದ್ದೇ. ಆದರೆ ಅಳುತ್ತಲೇ, ಇಲ್ಲಿ ಪೆಟ್ಟಿಗೆ ಬರೋದು ತಡ ಆಗ್ತಾ ಇದೆ ಎಂದ.

ಇನ್ನು ಎಂಟರವರೆಗೆ ಸಮಯ ಕಳೆಯಬೇಕಿತ್ತು, ಕೊರಟಗೆರೆಯ ದಿಕ್ಕಿನಿಂದಲೇ ಊರಿಗೆ ಹೋಗಬೇಕಿತ್ತು. ಅವನ ಊರು ಹುಣಸೇಪಾಳ್ಯ ಮಧುಗಿರಿಗೂ ಕೊರಟಗೆರೆಗೂ ನಡುವೆ, ರಸ್ತೆಯಂಚಿಗೇ ಇದೆ. ಪೆಟ್ಟಿಗೆ ಬಿಡಿಸಿಕೊಂಡು ಕೊರಟಗೆರೆ ಬಸ್ಸು ಹತ್ತಿದ. ಊರು ಹತ್ತಿರವಾದಾಗ ಟವೆಲ್ಲಿನಲ್ಲಿ ಮುಖ ಮುಚ್ಚಿ ಕಿಟಕಿಗೆ ಒರಗಿದ. ಮನೆಯ ಮುಂದೆ ಬೆಂಕಿ ಹಾಕಿದ್ದರು. ಶಾಮಿಯಾನ ಕಟ್ಟುತ್ತಿದ್ದರು. ಅದರ ಕೆಳಗೆ, ಬೆಂಚಿನ ಮೇಲೆ, ಬಿಳಿಯ ಬಟ್ಟೆಯ ಉದ್ದನೆಯದೊಂದು. ಕಂಡಕ್ಟರು, ಪಾಳ್ಯ ಇಳಿಯೋರು ಅದಾರಾ ಎಂದು ಕೂಗಿದ. ಯಾರೂ ಹ್ಞೂಂ ಅನ್ನಲಿಲ್ಲ. ರೈಟ್ ಎಂದ. ಅವ್ವನ ಹೆಣದ ಮುಂದೆ ಮೊದಲ ಸಲ ಪಾಲಾಕ್ಷ ಹಾದುಹೋದದ್ದು ಹೀಗೆ. ಕೊರಟಗೆರೆಯಲ್ಲಿ ಎರಡು ಗಂಟೆ ಒಂದು ಹೋಟೆಲಿನಲ್ಲಿ ಕಾಫಿಯ ಲೋಟ ಮುಂದಿಟ್ಟುಕೊಂಡು ಕೂತು, ಬಾಡಿಗೆ ಕಾರು ಹಿಡಿದು, ಎಂಟಕ್ಕೆ ಐದು ನಿಮಿಷವಿದ್ದಾಗ ಮನೆಯ ಮುಂದೆ ಇಳಿದ. ಹೆಂಗಸರು ಎದ್ದು ಅವನನ್ನು ತಬ್ಬಿ ಗೊಳೋ ಎಂದರು. ಎಷ್ಟು ದೂರದಿಂದ ಬಂದ್ಯಪ್ಪಾ, ಇನ್ನೈದು ತಾಸು ಮುಂಚೆ ಬಂದಿದ್ದರೆ ಮುಖ ಸಿಕ್ತಿತ್ತಲ್ಲಪ್ಪಾ ಎಂದು ಹಾಡಿ ಹೇಳಿಕೊಂಡು ಅತ್ತರು. ವನಜಾ ಗೋಡೆಗೆ ಒರಗಿ ಕೂತಿದ್ದಳು. ಏಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದು, ಕಣ್ಣು ಸೇರಿದ ಕೂಡಲೆ ತಲೆ ತಗ್ಗಿಸಿದಳು.

ಬೆಳಿಗ್ಗೆ ಹೊಲದ ಬದುವಿನಲ್ಲಿ, ಅಪ್ಪನ ಪಕ್ಕಕ್ಕೆ ಗುಂಡಿ ತೋಡಿದ್ದರು. ಅವ್ವನ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು, ಏನೋ ಕೇಳಲು ಹೊರಟು ನಿಂತವಳ ಹಾಗೆ. ಅವನು ಅದಕ್ಕೆ ಹಾಕಿದ ಅಕ್ಕಿಕಾಳು ಜಾರಿ ಕೊರಳಿಗೆ ಬಿದ್ದವು. ದೊಡ್ಡಪ್ಪ ಗಂಗಹನುಮಯ್ಯ, ಎಂಬತ್ತು ದಾಟಿದವನು, ಅವನ ಭುಜ ಹಿಡಿದುಕೊಂಡ. ಕೊರಗಬೇಡ ಮಗ, ಸಮುದ್ರದಾಚೆಯಿಂದ ಬಂದು ಮಣ್ಣಿಗಾದರೂ ಸಿಕ್ಕಿದೆಯಲ್ಲ, ಇದ್ದೂರಲ್ಲೇ ಇದ್ದು ಬಾರದವರಿದ್ದಾರೆ ಎಂದ. ಸುತ್ತ ನಿಂತವರು ಹೌದೌದು ಎಂದರು. ಪಾಲಾಕ್ಷ ದೊಡ್ಡಪ್ಪನ ಕೈಯನ್ನು ಭುಜದಿಂದ ತೆಗೆದ.

“ನಾನು ಶಿರಾದಲ್ಲಿದ್ದೆ ದೊಡ್ಡಪ್ಪ,” ಎಂದ. ಧ್ವನಿ ಗಟ್ಟಿಯಾಗಿಯೇ ಬಂತು. “ಎಂಟ್ ತಿಂಗ್ಳೂ ಶಿರಾದಲ್ಲಿದ್ದೆ. ನೆನ್ನೆ ಮಧುಗಿರೀಲೇ ಇದ್ದೆ.”

ಗಂಗಹನುಮಯ್ಯ ಅವನ ಹಣೆ ಮುಟ್ಟಿ ನೋಡಿದ. “ನಿದ್ದೆಗೆಟ್ಟವ್ನೆ ಕಣ್ರಲಾ. ಏರೋಪ್ಲೇನು ತಲೆಗೆ ಹತ್ತೈತೆ. ನೆಳ್ಳಿಗೆ ಕರ್ಕೊಂಡೋಗಿ ನೀರು ಕುಡ್ಸಿ.” ಇಬ್ಬರು ಅವನ ರಟ್ಟೆ ಹಿಡಿದು ಬೇವಿನ ಮರದ ಕೆಳಗೆ ಕೂರಿಸಿದರು. ಒಬ್ಬ ಬೀಸಣಿಗೆಯಂತೆ ಟವೆಲ್ಲು ಬೀಸಿದ. ಮೋಹನ, ಜೆಟ್‌ಲ್ಯಾಗ್ ಅಂತಾರೆ ಅದಕ್ಕೆ ಎಂದು ಪಕ್ಕದವನಿಗೆ ವಿವರಿಸುತ್ತಿದ್ದ. ಅವರು ಪ್ರೀತಿಯಿಂದ ಹಾಗೆ ಮಾಡುತ್ತಿದ್ದರು. ನೀರು ಕುಡಿಸಿದರು, ಕುಡಿದ. ಮಣ್ಣು ಹಾಕಲು ಕರೆದರು, ಎದ್ದು ಹೋಗಿ ಹಾಕಿದ.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ, ಜನ ಉಂಡು ಕರಗಿದ ಮೇಲೆ, ವನಜಾ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವನು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಈ ಮೂರು ದಿನದಲ್ಲಿ ಅವಳು ಅವನಿಗೆ ಊಟಕ್ಕೆ ಎಲೆ ಹಾಕಿದ್ದಳು, ಹಾಸಿಗೆ ಹಾಸಿದ್ದಳು, ಅಲ್ಲಿಯ ಊಟ ಹೇಗಿತ್ತು ಎಂದು ಮಾತ್ರ ಕೇಳಿರಲಿಲ್ಲ. ಅವನು ಬಾಯಿ ತೆರೆಯುವ ಮುಂಚೆಯೇ, ತಲೆ ಎತ್ತದೆ ಹೇಳಿದಳು.

“ಅವತ್ತು ಗುಂಡಿತಾವ ಅಂದ್ಯಲ್ಲ ಮಾವ. ಇನ್ನೊಂದ್ಸಲ ಅದ್ನ ಅನ್ಬ್ಯಾಡ. ಅಂದ್ರೆ ನಂಬ್ಬುಡ್ತೀನಿ.”

ಹಾಗೇ ಎದ್ದುಹೋಗಿದ್ದರೆ ಅವನ ಜೀವನ ಅಲ್ಲಿಂದ ಹೇಗೋ ಸಾಗುತ್ತಿತ್ತು, ಊರು ಅದನ್ನು ಹೊತ್ತುಕೊಳ್ಳಲು ಸಿದ್ಧವಿತ್ತು. “ಶಿರಾದಲ್ಲೇ ಇದ್ದೆ ವನಜಾ,” ಎಂದ.

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಅಜ್ಜಿ ಹೋದ್ ದಿನ ಮೂರ್ ಗಂಟೆ ಸುಮಾರ್ಗೆ?”

“ಆಸ್ಪತ್ರೆ ಗೇಟತ್ರ.”

“ನನ್ನ ನೋಡಿದ್ಯಾ?”

“ನೋಡಿದೆ.”

“ನಾನೂ ನೋಡಿದೆ,” ಎಂದಳು ವನಜಾ. ಈಗ ಅವಳ ಕೈ ನಿಂತಿತು. “ಟವೆಲ್ಲು ಸುತ್ಕಂಡಿದ್ರೂ ನಡಿಗೆ ಗೊತ್ತಾಗ್ದೆ ಇರ್ತದಾ? ನಮ್ ಮಾವನಂಗೇ ಅವ್ನೆ ಅಂದ್ಕಂಡೆ. ಆಮೇಲೆ, ಅಲ್ಲ ಅಂದ್ಕಂಡೆ. ಅವ್ನೇ ಆಗಿದ್ರೆ ಒಳಿಕ್ಕೆ ಬತ್ತಿದ್ದ. ಅಷ್ಟತ್ರ ಬಂದು ಯಾವನಾನ ನಿಂತ್ಕಂತಾನಾ? ಅಂಗಂದ್ಕಂಡು ಒಳಿಕ್ಕೋಗಿ ಅಜ್ಜಿಗೆ, ಸಮುದ್ರದ ಮ್ಯಾಲವ್ನೆ ಅಂದೆ. ಆ ಸುಳ್ನ ನೀನು ನನ್ ಬಾಯಲ್ಲಿ ಅನ್ನುಸ್ದೆ.”

ಒಳಗಿನಿಂದ ಮೋಹನ ಹಿತ್ತಲ ಬಾಗಿಲಿಗೆ ಬಂದ. ಇಬ್ಬರೂ ಸುಮ್ಮನೆ ಕೂತದ್ದನ್ನು ದುಃಖವೆಂದು ತಿಳಿದು, ಸ್ವಲ್ಪ ತಡೆದು, ಮಾವನ ವಾಪಸ್ ಫ್ಲೈಟು ಯಾವತ್ತು, ಏರ್‌ಪೋರ್ಟಿಗೆ ತಾನೇ ಬಿಟ್ಟುಬರುತ್ತೇನೆ, ರಜ ಹಾಕಬೇಕು ಎಂದು ಕೇಳಿದ. ಪಾಲಾಕ್ಷ ಹೆಂಡತಿಯ ಕಡೆ ನೋಡಿದ. ಅವಳು ತಂಬಿಗೆಯಿಂದ ನೀರು ಹಾಕಿಕೊಂಡು ಎರಡೂ ಕೈಯ ಬೂದಿಯನ್ನು ನಿಧಾನವಾಗಿ ತೊಳೆದುಕೊಂಡಳು.

“ತಿಥಿ ಆದ್ ಮಾರ್ನೆ ದಿನ ಐತೆ,” ಎಂದಳು ತಮ್ಮನಿಗೆ. “ನೀನೇನೂ ಬರ್ಬ್ಯಾಡ. ಅವ್ರಿಗೆ ದಾರಿ ಗೊತ್ತೈತೆ.”